ವಿಯೆಟ್ನಾಂ ನಂತರದ ಅಮೆರಿಕ

ದೂರದೇಶದಲ್ಲಿ ನಡೆಯುವ ಯುದ್ಧ ಸ್ವಂತ ನಾಡನ್ನೇ ಇಬ್ಭಾಗ ಮಾಡಿದರೆ, ಆ ಒಡಕಿಗೆ ಕಾರಣ ಸೋಲೋ ಅಥವಾ ಯುದ್ಧಕ್ಕೆ ಇಳಿದ ರೀತಿಯೋ? ವಿಯೆಟ್ನಾಂ ವಿಷಯದಲ್ಲಿ ಸೋಲೇ ಅಮೆರಿಕದ ಗಾಯ ಎನ್ನುವವರು ಬಹಳ. ನಾನು ಒಪ್ಪುವುದಿಲ್ಲ. 1975ರಲ್ಲಿ ಸೈಗಾನ್ ಪತನವಾಗುವಷ್ಟರಲ್ಲಿ ಅಮೆರಿಕ ಒಳಗೊಳಗೇ ಒಡೆದು ವರ್ಷಗಳಾಗಿದ್ದವು.

ಒಡಕಿನ ಮೂಲ ಸುಳ್ಳಿನಲ್ಲಿತ್ತು. 1964ರ ಆಗಸ್ಟ್‌ನಲ್ಲಿ ಟೊಂಕಿನ್ ಕೊಲ್ಲಿಯಲ್ಲಿ ತನ್ನ ಹಡಗುಗಳ ಮೇಲೆ ಎರಡು ಸಲ ದಾಳಿಯಾಯಿತೆಂದು ಸರ್ಕಾರ ಹೇಳಿತು. ಎರಡನೆಯದು ನಡೆದೇ ಇರಲಿಲ್ಲ. ಆದರೂ ಅಧ್ಯಕ್ಷ ಜಾನ್ಸನ್‌ಗೆ ಬಲಪ್ರಯೋಗದ ಅಧಿಕಾರ ಕೊಡುವ ನಿರ್ಣಯವನ್ನು ಸೆನೆಟ್‌ನಲ್ಲಿ ವಿರೋಧಿಸಿದವರು ಇಬ್ಬರೇ. ಕೆಳಮನೆಯಲ್ಲಿ ಒಬ್ಬರೂ ಇಲ್ಲ. ವಿಧಿವತ್ತಾದ ಯುದ್ಧಘೋಷಣೆ ಕೊನೆಗೂ ಆಗಲಿಲ್ಲ. 1971ರಲ್ಲಿ ಡೇನಿಯಲ್ ಎಲ್ಸ್‌ಬರ್ಗ್ ಹೊರಗೆಡವಿದ ಪೆಂಟಗನ್ ಕಡತಗಳಿಂದ, ಆಳುವವರು ತಮ್ಮೊಳಗೆ ಬರೆದುಕೊಂಡದ್ದೇ ಒಂದು, ಜನಕ್ಕೆ ಹೇಳಿದ್ದೇ ಇನ್ನೊಂದು ಎಂಬುದು ಬಯಲಾಯಿತು. 1964ರಲ್ಲಿ ನೂರಕ್ಕೆ 77 ಜನ ಸರ್ಕಾರವನ್ನು ನಂಬುತ್ತಿದ್ದರು. ಹತ್ತು ವರ್ಷಗಳಲ್ಲಿ, ವಾಟರ್‌ಗೇಟ್ ಹಗರಣವೂ ಸೇರಿ, ಅದು 40ಕ್ಕಿಂತ ಕೆಳಗಿಳಿಯಿತು. ಆ ನಂಬಿಕೆ ಮೊದಲಿನ ಮಟ್ಟಕ್ಕೆ ಮತ್ತೆಂದೂ ಗಟ್ಟಿಯಾಗಿ ನಿಲ್ಲಲಿಲ್ಲ.

ಸುಳ್ಳಿಗಿಂತ ಆಳಕ್ಕೆ ಇಳಿದದ್ದು ಪಕ್ಷಪಾತ. ಕಡ್ಡಾಯ ಸೈನಿಕ ಸೇವೆ ಕಾಗದದ ಮೇಲೆ ಎಲ್ಲ ಯುವಕರಿಗೂ ಇತ್ತು. ಆದರೆ ಕಾಲೇಜಿಗೆ ಸೇರಿದವನಿಗೆ ಮುಂದೂಡಿಕೆ ಸಿಗುತ್ತಿತ್ತು, ಪರಿಚಯದ ವೈದ್ಯರಿದ್ದವನಿಗೆ ಅನಾರೋಗ್ಯದ ಪತ್ರ ಸಿಗುತ್ತಿತ್ತು. ಕೂಲಿಯವರ, ಬಡ ರೈತರ, ಕಪ್ಪು ಜನರ ಮಕ್ಕಳು ರಣರಂಗ ಸೇರಿದರು. 1970ರ ಮೇ 4ರಂದು ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧವಿರೋಧಿ ಪ್ರತಿಭಟನೆಯ ವೇಳೆ ನ್ಯಾಷನಲ್ ಗಾರ್ಡ್ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಸತ್ತರು. ನಾಲ್ಕೇ ದಿನ ಕಳೆದು ನ್ಯೂಯಾರ್ಕ್‌ನಲ್ಲಿ, ಅವರಿಗಾಗಿ ಶೋಕಿಸುತ್ತಿದ್ದ ವಿದ್ಯಾರ್ಥಿಗಳ ಮೇಲೆ ಕಟ್ಟಡ ಕಾರ್ಮಿಕರು ಬಿದ್ದು ಹೊಡೆದರು. ಆ ಹಲ್ಲೆಗೆ ಸಮರ್ಥನೆಯಿಲ್ಲ. ಆದರೆ ಅದನ್ನು ಬರೀ ಯುದ್ಧೋನ್ಮಾದ ಎಂದು ತಳ್ಳಿಹಾಕುವುದೂ ತಪ್ಪು. ಯುದ್ಧಕ್ಕೆ ಹೋದವರು ತಮ್ಮ ಓಣಿಯ ಹುಡುಗರು, ಬೇಡವೆಂದು ಕೂಗುವವರು ಹೋಗದೆ ಉಳಿದವರು ಎಂಬ ನೋವು ಆ ಕೋಪದಲ್ಲಿತ್ತು. ಯುದ್ಧದ ಬಗೆಗಿನ ಭಿನ್ನಮತ ಹೀಗೆ ವರ್ಗಗಳ ನಡುವಿನ ಹಗೆಯಾಯಿತು. ಓದಿದವರ ಅಮೆರಿಕ, ದುಡಿಯುವವರ ಅಮೆರಿಕ ಎಂದು ಇಂದಿಗೂ ಚುನಾವಣೆಗಳಲ್ಲಿ ಕಾಣುವ ಕಂದಕ ಆಗಲೇ ಅಗಲವಾಗತೊಡಗಿತ್ತು.

ಸತ್ತವರನ್ನು ನೆನೆಯುವುದರಲ್ಲೂ ಜಗಳವೇ. 1982ರಲ್ಲಿ ವಾಷಿಂಗ್ಟನ್‌ನಲ್ಲಿ ಸಿದ್ಧವಾದ ಸ್ಮಾರಕ ಗೋಡೆಯ ಕಪ್ಪು ಗ್ರಾನೈಟ್ ಹೋದದ್ದು ನಮ್ಮ ಬೆಂಗಳೂರು ಕಡೆಯಿಂದ. ಹೆಸರು ಓದುವವರಿಗೆ ತಮ್ಮ ಮುಖವೂ ಅದರಲ್ಲಿ ಕಾಣಬೇಕೆಂದು ಅಷ್ಟು ನುಣುಪಾದ ಕಲ್ಲನ್ನು ಆರಿಸಿದ್ದರು. ವಿನ್ಯಾಸ ಮಾಡಿದ ಮಾಯಾ ಲಿನ್ ಸ್ಪರ್ಧೆ ಗೆದ್ದಾಗ 21ರ ವಿದ್ಯಾರ್ಥಿನಿ. ಕಪ್ಪು ಬಣ್ಣ ಅವಮಾನದ್ದು, ವೀರರ ಪ್ರತಿಮೆಯಿಲ್ಲ ಎಂದು ಎದ್ದ ಗದ್ದಲವನ್ನು ತಣಿಸಲು ಮೂವರು ಸೈನಿಕರ ಪ್ರತಿಮೆಯನ್ನು ಆಮೇಲೆ ಸೇರಿಸಬೇಕಾಯಿತು. ಗೋಡೆಯ ಮೇಲೆ 58 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಸತ್ತ ಲಕ್ಷಾಂತರ ವಿಯೆಟ್ನಾಮೀಯರು ಆ ಜಗಳದ ಯಾವ ಪಕ್ಷದ ಮಾತಿನಲ್ಲೂ ಹೆಚ್ಚಾಗಿ ಬರಲಿಲ್ಲ. ನನ್ನನ್ನು ಎಲ್ಲಕ್ಕಿಂತ ಕಾಡುವುದು ಅದೇ.

ಇಷ್ಟೆಲ್ಲ ಆದಮೇಲೆ ಅಮೆರಿಕ ಕಲಿತದ್ದೇನು? 1973ರಲ್ಲಿ ಎರಡು ಬದಲಾವಣೆಗಳಾದವು. ಅಧ್ಯಕ್ಷರು ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದೆ ಯುದ್ಧ ಮುಂದುವರಿಸದಂತೆ ತಡೆಯುವ ಕಾನೂನು, ಆಗಿನ ಅಧ್ಯಕ್ಷ ನಿಕ್ಸನ್‌ರ ವೀಟೋವನ್ನು ಮೀರಿ ಬಂತು. ಕಡ್ಡಾಯ ಸೇವೆ ನಿಂತು, ಸೈನ್ಯ ಸ್ವಯಂಪ್ರೇರಿತರದ್ದಾಯಿತು. ಮೊದಲನೆಯದರಿಂದ ತಪ್ಪಿಸಿಕೊಳ್ಳುವ ಉಪಾಯಗಳನ್ನು ಮುಂದಿನ ಅಧ್ಯಕ್ಷರು ಕಂಡುಕೊಂಡರು. ಎರಡನೆಯದು ಬೇರೆಯೇ ಫಲ ಕೊಟ್ಟಿತು: ಯುದ್ಧ ಹೆಚ್ಚಿನ ಮನೆಗಳ ಬಾಗಿಲಿಗೆ ಬರುವುದೇ ನಿಂತಿತು. ಅಮೆರಿಕ ಕಲಿತದ್ದು ಯುದ್ಧ ತಪ್ಪಿಸುವುದನ್ನಲ್ಲ, ಯುದ್ಧದ ಬಗ್ಗೆ ಮನೆಯೊಳಗೆ ಜಗಳ ತಪ್ಪಿಸುವುದನ್ನು ಎಂದೇ ನನ್ನ ಎಣಿಕೆ.

2001ರ ಸೆಪ್ಟೆಂಬರ್‌ನಲ್ಲಿ, ಭಯೋತ್ಪಾದಕ ದಾಳಿಗಳ ಬೆನ್ನಿಗೆ, ಬಲಪ್ರಯೋಗದ ನಿರ್ಣಯ ಮತ್ತೆ ಮತಕ್ಕೆ ಬಂದಾಗ ಇಡೀ ಕಾಂಗ್ರೆಸ್ಸಿನಲ್ಲಿ ಬೇಡವೆಂದವರು ಕೆಳಮನೆಯ ಸದಸ್ಯೆ ಬಾರ್ಬರಾ ಲೀ ಒಬ್ಬರೇ. ಅಫ್ಘಾನಿಸ್ತಾನದ ಯುದ್ಧ 20 ವರ್ಷ ಎಳೆಯಿತು. ವಿಶ್ವವಿದ್ಯಾಲಯಗಳು ಕೆಂಟ್ ಸ್ಟೇಟ್ ಕಾಲದಂತೆ ಮುಷ್ಕರಕ್ಕೆ ಏಳಲಿಲ್ಲ. ಇರಾಕ್ ವಿಷಯದಲ್ಲಿ 2003ರಲ್ಲಿ ಬೀದಿಗಳು ತುಂಬಿದವು ನಿಜ, ಆದರೆ ಆ ಒತ್ತಡ ಬಹುಕಾಲ ಉಳಿಯಲಿಲ್ಲ. ಆದ್ದರಿಂದ ಅರವತ್ತರ ದಶಕದ ಆ ಕಲಹವನ್ನು ರೋಗವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಅನ್ಯಾಯದ ಯುದ್ಧಕ್ಕೆ ದೇಶ ಒಡೆಯದಿದ್ದರೆ ಅದು ಇನ್ನೂ ಭಯಪಡಬೇಕಾದ ಸ್ಥಿತಿ.

ಹಾಗೆಂದು ಕಡ್ಡಾಯ ಸೇವೆ ಮರಳಲಿ ಎನ್ನಲಾರೆ; ಒಲ್ಲದ ಹುಡುಗನನ್ನು ಕೊಲ್ಲಲು ಕಳಿಸುವುದು ಯಾವ ಕಾಲಕ್ಕೂ ಅನ್ಯಾಯವೇ. ಆದರೆ ಯುದ್ಧಕ್ಕೆ ಅನುಮತಿಸುವ ಪ್ರತಿ ನಿರ್ಣಯಕ್ಕೂ ಒಂದು ಗಡುವು ಇರಲಿ. ಅದು ಬಂದಾಗ ಪ್ರತಿನಿಧಿಗಳು ತಮ್ಮ ಮತದಾರರ ಮುಂದೆ ನಿಂತು, ಹೆಸರು ಹೇಳಿಕೊಂಡು, ಮತ್ತೆ ಮತ ಹಾಕಲಿ. 2001ರ ನಿರ್ಣಯದಲ್ಲಿ ಗಡುವೆಂಬುದೇ ಇರಲಿಲ್ಲ.