ಒಡವೆ ಅಡವಿಡುವ ಮೊದಲು

ಹೆಪಟೈಟಿಸ್ ಸಿ ಎಂಬ ಹೆಸರು ಕೇಳಿದ ಕೂಡಲೇ ಮನೆಯಲ್ಲಿ ಎರಡು ಭಯ ಹುಟ್ಟುತ್ತದೆ. ಜನ ಏನೆನ್ನುತ್ತಾರೋ ಎಂಬುದು ಒಂದು. ಹಣ ಎಲ್ಲಿಂದ ತರುವುದು ಎಂಬುದು ಇನ್ನೊಂದು. ಮಾಲೂರು ತಾಲೂಕಿನ ಲಕ್ಕೂರಿನಂತಹ ಊರಿನಲ್ಲಿ ಕೂಲಿಯ ಮೇಲೆ ನಡೆಯುವ ಸಂಸಾರಕ್ಕೆ ಎರಡನೆಯದೇ ದೊಡ್ಡದು. ಆಗ ಎಲ್ಲರ ಕಣ್ಣು ಹೋಗುವುದು ಗೃಹಿಣಿಯ ಕಿವಿಯೋಲೆಯ ಮೇಲೆ. ಸಹೋದರಿಯರೇ, ಅದನ್ನು ಬಿಚ್ಚಿಕೊಡುವ ಮೊದಲು ಕೆಲವು ವಿಷಯ ತಿಳಿದಿರಲಿ.

ಈ ವೈರಸ್ ಹರಡುವುದು ರಕ್ತದಿಂದ. ಒಂದೇ ತಟ್ಟೆಯಲ್ಲಿ ಉಂಡರೆ, ಅಪ್ಪಿಕೊಂಡರೆ, ರೋಗಿಯ ಕೈಯಡುಗೆ ತಿಂದರೆ ಬರುವುದಿಲ್ಲ. ನಮ್ಮ ದೇಶದ ರಕ್ತನಿಧಿಗಳಲ್ಲಿ ಇದರ ಪರೀಕ್ಷೆ ಕಡ್ಡಾಯವಾದದ್ದು ಈ ಶತಮಾನದ ಆರಂಭದಲ್ಲಿ. ಅದಕ್ಕೂ ಮೊದಲು ಹೆರಿಗೆಯಲ್ಲೋ ಶಸ್ತ್ರಚಿಕಿತ್ಸೆಯಲ್ಲೋ ರಕ್ತ ಪಡೆದವರು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಡಯಾಲಿಸಿಸ್, ಶುದ್ಧೀಕರಿಸದ ಸೂಜಿ, ಹಿಜಾಮಾಕ್ಕೆ ಮರುಬಳಸಿದ ಬ್ಲೇಡ್‌ನಿಂದಲೂ ಸೋಂಕು ತಗಲಬಹುದು. ಹಾಗಿರುವಾಗ ರೋಗಿಯ ನಡತೆಯ ಬಗ್ಗೆ ಪಿಸುಗುಟ್ಟುವುದು ಅನ್ಯಾಯ.

2013ರ ಕೊನೆಯಲ್ಲಿ ಅಮೇರಿಕದಲ್ಲಿ ಸೊಫೊಸ್ಬುವಿರ್ ಎಂಬ ಹೊಸ ಮಾತ್ರೆಗೆ ಅನುಮತಿ ದೊರೆಯಿತು. ಒಂದು ಮಾತ್ರೆಗೆ 1,000 ಡಾಲರ್, 12 ವಾರಕ್ಕೆ 84,000 ಡಾಲರ್! ಅಲ್ಲಿನ ಅನೇಕ ವಿಮಾ ಯೋಜನೆಗಳು ಯಕೃತ್ತು ಬಹಳಷ್ಟು ಹಾಳಾದವರಿಗೆ ಮಾತ್ರ ಹಣ ಕೊಡುತ್ತೇವೆಂದವು. ಅಂದರೆ ಗುಣವಾಗಬೇಕಾದರೆ ಮೊದಲು ಇನ್ನಷ್ಟು ಕೆಡಬೇಕು! ಭಾರತದಲ್ಲಿ 2014ರಲ್ಲಿ ಇಲ್ಲಿನ ಕಂಪೆನಿಗಳಿಗೆ ತಯಾರಿಕೆಯ ಪರವಾನಗಿ ದೊರೆಯಿತು. 2015ರಲ್ಲಿ ಒಂದು ತಿಂಗಳ ಮಾತ್ರೆ ಸುಮಾರು 20,000 ರೂಪಾಯಿಗೆ ಮಾರುಕಟ್ಟೆಗೆ ಬಂತು. ಅಮೇರಿಕದ ಲೆಕ್ಕದಲ್ಲಿ ಅಗ್ಗ, ಕೂಲಿಯವನ ಲೆಕ್ಕದಲ್ಲಿ ಅದೂ ಬೆಟ್ಟ.

ಹಾಗಾದರೆ ವಿಮೆ ಇದೆಯಲ್ಲಾ ಎನ್ನುತ್ತೀರಿ. ಇಲ್ಲಿಯೇ ಹಲವರು ಎಡವುವುದು. ನಮ್ಮಲ್ಲಿನ ಹೆಚ್ಚಿನ ಆರೋಗ್ಯ ವಿಮೆಗಳು ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ ಹಣ ಕೊಡುತ್ತವೆ. ಇದೋ ಮನೆಯಲ್ಲಿದ್ದುಕೊಂಡೇ ನುಂಗುವ ಮಾತ್ರೆ. ಹೊರರೋಗಿ ಚಿಕಿತ್ಸೆಯೂ ಸೇರಿದೆಯೇ ಎಂದು ಪಾಲಿಸಿಯಲ್ಲಿ ಓದಿ ನೋಡಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. 2024ರ ನಿಯಮದಂತೆ ಅದು 3 ವರ್ಷ ಮೀರುವಂತಿಲ್ಲ. ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಬೇಡಿ. ಕ್ಲೇಮು ತಿರಸ್ಕರಿಸಲು ಅದೇ ಕಾರಣವಾಗುತ್ತದೆ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೊದಲು ಕಂಪೆನಿಗೇ ಲಿಖಿತ ದೂರು ಕೊಡಿ. ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ವರ್ಷದೊಳಗೆ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.

ಆದರೆ ಬಡ ಕುಟುಂಬಕ್ಕೆ ಇದಕ್ಕಿಂತ ಹತ್ತಿರದ ದಾರಿ ಬೇರೆಯೇ ಇದೆ. 2018ರ ಜುಲೈ 28ರಂದು ಕೇಂದ್ರ ಸರಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಇದರಡಿ ಹೆಪಟೈಟಿಸ್ ಸಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಲಕ್ಕೂರಿನವರು ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಲ್ಲಿ ಈ ಕಾರ್ಯಕ್ರಮದ ಹೆಸರು ಹೇಳಿಯೇ ವಿಚಾರಿಸಲಿ. ಯಕೃತ್ತು ಕೆಟ್ಟು ಆಸ್ಪತ್ರೆಗೆ ದಾಖಲಾಗಬೇಕಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಕೇಳಿ. ಬಿಪಿಎಲ್ ಕುಟುಂಬಕ್ಕೆ ಅದರಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಮೊದಲ ರಕ್ತಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಕಂಗಾಲಾಗಬೇಡಿ. ಕೆಲವರಲ್ಲಿ ಸೋಂಕು ತಾನಾಗಿಯೇ ಹೋಗಿರುತ್ತದೆ. ವೈರಸ್ ಈಗಲೂ ಇದೆಯೇ ಎಂದು ಆರ್‌ಎನ್‌ಎ ಪರೀಕ್ಷೆ ಹೇಳುತ್ತದೆ. ಇದ್ದರೂ ಹೆಚ್ಚಿನವರಿಗೆ 12 ವಾರದ ಚಿಕಿತ್ಸೆ ಸಾಕು. ನೂರರಲ್ಲಿ ಸುಮಾರು 95 ಮಂದಿ ಗುಣವಾಗುತ್ತಾರೆ. ಗರ್ಭಿಣಿಯರೂ ಹಾಲುಣಿಸುವ ತಾಯಂದಿರೂ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಕಾಮಾಲೆಗೆಂದು ನಾಟಿ ಔಷಧಿ ತಿನ್ನುತ್ತಾ ದಿನ ಕಳೆಯಬೇಡಿ.

ಗಂಡನಿಗೆ ಕಾಯಿಲೆ ಬಂದರೆ ಊರೆಲ್ಲಾ ಸಾಲ ಮಾಡುವ ಹೆಣ್ಣು, ತನಗೆ ಬಂದಾಗ 'ಇರಲಿ ಬಿಡಿ' ಎನ್ನುತ್ತಾಳೆ. ಯಕೃತ್ತು ಮಾತ್ರ ಹಾಗೆ ಕಾಯುವುದಿಲ್ಲ. ಉಚಿತವಾಗಿ ಸಿಗುವ ಔಷಧಿಯನ್ನು ಕೇಳಿ ಪಡೆಯುವುದು ಭಿಕ್ಷೆಯಲ್ಲ, ನಿಮ್ಮ ಹಕ್ಕು.