ದಯೆ ಬೇಡ, ಮಾತು ನಡೆಯಲಿ

‘ದಯಾಮರಣ’ ಎಂಬ ಶಬ್ದವನ್ನು ನಮ್ಮ ಪತ್ರಿಕೆಗಳು ಇನ್ನಾದರೂ ಎಚ್ಚರದಿಂದ ಬಳಸಬೇಕು. ಕನ್ನಡ ಕಲಿಸುವವನಾದ ನನಗೆ ಅದು ಕಿವಿಗೆ ಚುಚ್ಚುತ್ತದೆ. ದಯೆ ಕೊಡುವವನ ಗುಣ; ಪಡೆಯುವವನು ಅಲ್ಲಿ ದೀನ. ಗುಣವಾಗುವ ಆಶೆ ಉಳಿಯದ ಹೊತ್ತಿನಲ್ಲಿ ತನ್ನ ಮೈಗೆ ಯಾವ ಯಂತ್ರ ಹಚ್ಚಬಾರದೆಂಬುದನ್ನು ಬುದ್ಧಿ ನೆಟ್ಟಗಿರುವಾಗಲೇ ಬರೆದಿಡುವವನು ಯಾರ ದಯೆಯನ್ನೂ ಬೇಡುವುದಿಲ್ಲ, ಕೊಲ್ಲಿರೆಂದೂ ಕೇಳುವುದಿಲ್ಲ. ನೋವು ಕಡಿಮೆ ಮಾಡಿರಿ, ರೋಗ ತನ್ನ ದಾರಿ ಹಿಡಿಯಲಿ ಎಂಬುದಿಷ್ಟೇ ಅವನ ಮಾತು. ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಈ ಮಾತಿಗೆ ಕಾಯಿದೆಯ ಬಲ ಕೊಟ್ಟಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸುಲಭಗೊಳಿಸಿತು. ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು.

ಆದರೆ ಹುಬ್ಬಳ್ಳಿ-ಧಾರವಾಡದ ವಿದ್ಯಾವಂತರ ಮುಂದೆ ಈ ವಿಷಯ ಎತ್ತಿ ನೋಡಿರಿ. “ಬಿಡ್ತು ಅನ್ರಿ ಸರ, ಮುಂಜಾನೆದ್ದು ಎಂಥಾ ಮಾತು!” ಎಂದು ಬಾಯಿ ಮುಚ್ಚಿಸುತ್ತಾರೆ. ಹೊಲ-ಮನೆಗಳಿಗಾಗಿ ಮೃತ್ಯುಪತ್ರ ಬರೆಸಲು ವಕೀಲರ ಕಡೆಗೆ ಹೋಗುವಾಗ ಮಾತ್ರ ಇವರಿಗೆ ಯಾವ ಅಪಶಕುನವೂ ಇಲ್ಲ. ಆಸ್ತಿಗೆ ಬೇಕಾದ ಪತ್ರ ಮೈಗೆ ಬೇಡವೆ? ಸಾವನ್ನು ಮೊದಲೇ ನೆನೆಯುವುದು ಕನ್ನಡ ನಾಡಿಗೆ ಹೊಸದಲ್ಲ. ಶ್ರವಣಬೆಳಗೊಳದ ನಿಸಿದಿಗಲ್ಲುಗಳೇ ಅದಕ್ಕೆ ಸಾಕ್ಷಿ.

ಮಾತು ಉಳಿಯದಿದ್ದರೆ ಏನಾಗುತ್ತದೆ? ನಮ್ಮ ಹಳದೀಪುರದ ಮಗಳು ಅರುಣಾ ಶಾನಭಾಗರ ಬಾಳನ್ನು ನೋಡಬೇಕು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಆಕೆ 1973ರ ನವೆಂಬರ್ 27ರಂದು ಅಲ್ಲಿಯ ನೌಕರನೊಬ್ಬನ ಕ್ರೌರ್ಯಕ್ಕೆ ಸಿಕ್ಕಿ ಹಾಸಿಗೆ ಹಿಡಿದವರು, 2015ರ ಮೇ 18ರಂದು ತೀರಿಕೊಳ್ಳುವವರೆಗೆ ಏಳಲಿಲ್ಲ. ಪತ್ರಕರ್ತೆ ಪಿಂಕಿ ವಿರಾನಿ ಆಕೆಯ ಪರವಾಗಿ ಬಿಡುಗಡೆ ಬೇಡಿದರು. ಮಗುವಿನಂತೆ ಸಾಕಿದ ದಾದಿಯರು ಒಪ್ಪಲಿಲ್ಲ. 2011ರಲ್ಲಿ ನ್ಯಾಯಾಲಯ ಆಸ್ಪತ್ರೆಯವರ ಮಾತನ್ನೇ ಮನ್ನಿಸಿತು. ಎರಡೂ ಕಡೆಯ ಪ್ರೀತಿಯನ್ನು ನಾನು ಶಂಕಿಸುವುದಿಲ್ಲ. ಆದರೆ ಅರುಣಾ ಏನೆನ್ನುತ್ತಿದ್ದರು? ಅದನ್ನು ತಿಳಿಸುವ ಒಂದು ಸಾಲೂ ಇರಲಿಲ್ಲ. ಇಪ್ಪತ್ತೈದರ ಹುಡುಗಿ ಬರೆದಿಡಲಿಲ್ಲವೆಂದು ಯಾರೂ ದೂರಲಾರರು; ಅರುವತ್ತು ದಾಟಿದ ನಮ್ಮ ಹಿರಿಯರಿಗೆ ಆ ನೆಪವಿಲ್ಲ.

“ಆಸ್ತಿಯಾಸೆಯ ಮಕ್ಕಳ ಕೈಗೆ ಕತ್ತಿ ಕೊಟ್ಟಂತಾಗದೆ?” ಎಂದು ಕೇಳುವವರುಂಟು. ಪತ್ರಕ್ಕೆ ಇಬ್ಬರು ಸಾಕ್ಷಿಗಳು ಬೇಕು. ನೋಟರಿ ಇಲ್ಲವೆ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಮುಂದೆ ಅದನ್ನು ನಡೆಸುವ ಮೊದಲು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮನಸ್ಸು ಬದಲಾದರೆ ಬರೆದವನು ಹಿಂದಕ್ಕೆ ಪಡೆಯಬಹುದು. ನಿಜವಾಗಿ, ಏನೂ ಬರೆಯದವನೇ ಎಲ್ಲವನ್ನೂ ಮಕ್ಕಳ ಮೇಲೆ ಹೊರಿಸುತ್ತಾನೆ. ನನ್ನ ಸೋದರಮಾವ ಉಸಿರಾಟದ ಯಂತ್ರದ ಮೇಲಿದ್ದಾಗ ಮೂವರು ಮಕ್ಕಳು ಹನ್ನೊಂದು ದಿನ ಹೊರಗಿನ ಬಾಕಿನ ಮೇಲೆ ಒಬ್ಬರ ಮೋರೆ ಒಬ್ಬರು ನೋಡುತ್ತ ಕುಳಿತಿದ್ದರು. ಯಾರೂ ಕೆಟ್ಟವರಲ್ಲ. “ಸಾಕು” ಎಂದವನು ಜನ್ಮವಿಡೀ ಪಾಪಿಯೆನಿಸಿಕೊಳ್ಳುವ ಭಯ ಅವರಿಗೆ. ಆ ಒಂದು ಶಬ್ದವನ್ನು ಹೇಳುವ ಅಧಿಕಾರ ತಂದೆಯದಾಗಿತ್ತು, ಅವರು ಹೇಳಿರಲಿಲ್ಲ.

ಆದುದರಿಂದ ಎರಡು ಮಾತು. ಈ ಪತ್ರದ ಪ್ರತಿಯನ್ನು ಕಾಯಲು ಸ್ಥಳೀಯ ಸಂಸ್ಥೆ ಒಬ್ಬ ಅಧಿಕಾರಿಯನ್ನು ನೇಮಿಸಬೇಕೆಂದು ನ್ಯಾಯಾಲಯ ವಿಧಿಸಿದೆ. ನಮ್ಮ ಮಹಾನಗರ ಪಾಲಿಕೆ ಆ ಅಧಿಕಾರಿ ಯಾರು, ಯಾವ ಕೋಣೆಯಲ್ಲಿ ಕೂಡುತ್ತಾರೆ ಎಂಬುದನ್ನು ಪ್ರತಿಯೊಂದು ವಲಯ ಕಚೇರಿಯ ಗೋಡೆಯ ಮೇಲೆ ತಿಳಿಗನ್ನಡದಲ್ಲಿ ಬರೆಸಲಿ. ಪತ್ರದ ನಮೂನೆಯೂ ನಮ್ಮ ಅವ್ವಂದಿರು ಓದಿ ತಿಳಿಯುವ ಕನ್ನಡದಲ್ಲಿ ಸಿಗಲಿ. ಇನ್ನೊಂದು ಮಾತು ವಾಚಕರಿಗೆ: ಮನೆಯ ಹಿರಿಯರನ್ನು ಕೇಳಿರಿ, ನೀವೂ ಹೇಳಿರಿ. ಬಾಳೆಲ್ಲ ತನ್ನ ಮಾತನ್ನೇ ನಡೆಸಿದವನ ಕೊನೆಯ ಮಾತನ್ನು ಪರರು ಊಹಿಸಿ ಆಡುವಂತಾಗಬಾರದು.