ಮುತ್ತುಗ ಹೂವಾಗುವ ಕೆಲವು ದಿನಗಳು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿಯೂ, ಈಗ ಹೆಣ್ಣುಮಕ್ಕಳನ್ನು ಇಲ್ಲಿಗೆ ಕಳುಹುತ್ತಿರುವ ತಾಯ್ತಂದೆಗಳಲ್ಲಿಯೂ ನನ್ನದೊಂದು ಅರಿಕೆಯುಂಟು. ಶಿವರಾತ್ರಿಗೂ ಹೋಳಿಹುಣ್ಣಿಮೆಗೂ ನಡುವೆ ಒಂದು ದಿನವನ್ನು ಬಿಡುವು ಮಾಡಿಕೊಂಡು, ಮಕ್ಕಳೊಡನೆ ಕಲಬುರಗಿಯಿಂದ ಕಮಲಾಪುರದ ಕಡೆಗೆ ಹೋಗಿ, ಮುತ್ತುಗದ ಮರಗಳು ಹೂವಾಗಿರುವುದನ್ನು ನೋಡಿ ಬರಬೇಕು.

ನಮ್ಮದು ಮರುಭೂಮಿಯೇನೂ ಅಲ್ಲ. ತೊಗರಿಯ ಕಣಜವೆನಿಸಿದ ನಾಡು. ಆದರೂ ತೊಗರಿಯ ರಾಶಿ ಮುಗಿದ ಮೇಲೆ ಎರೆಯ ಹೊಲಗಳು ಬಿರುಕುಬಿಟ್ಟು, ಕಣ್ಣಿಗೆ ಹಸುರೆಂಬುದೇ ಕಾಣದೆ, ಮರುಭೂಮಿಯ ಭಾವವೇ ಉಂಟಾಗುವುದು. ಸರಿಯಾಗಿ ಆ ಹೊತ್ತಿಗೆ, ಎಲೆಗಳನ್ನು ಉದುರಿಸಿ ಒಣಗಿದಂತೆ ನಿಂತ ಮುತ್ತುಗವು ಕೊಂಬೆಕೊಂಬೆಗೂ ಕೆಂಡದ ಬಣ್ಣವನ್ನು ತಾಳುತ್ತದೆ. ಕೆಲವೇ ವಾರಗಳಲ್ಲಿ ಹೂವೆಲ್ಲ ನೆಲಕ್ಕೆ ಬೀಳುವುದು. ಉಳಿದ ಕಾಲದಲ್ಲಿ ಆ ಮರದ ಕಡೆಗೆ ತಿರುಗಿ ನೋಡುವವರಿಲ್ಲ.

ವಿದ್ಯೆಯಿಲ್ಲದವರನ್ನು ಗಂಧವಿಲ್ಲದ ಮುತ್ತುಗದ ಹೂವಿಗೆ ಹೋಲಿಸುವ ಸಂಸ್ಕೃತ ಸುಭಾಷಿತವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿ ನಾನೂ ಅಂಕಗಳನ್ನು ಪಡೆದಿದ್ದೆನು. ಹೂವನ್ನು ಕಂಡುದು ಮಾತ್ರ ಮದುವೆಯಾದ ಮೇಲೆ, ಕಮಲಾಪುರದ ಬಸ್ಸಿನ ಕಿಟಕಿಯಿಂದ. ಪಕ್ಕದಲ್ಲಿ ಕುಳಿತಿದ್ದ ಮುದುಕಿಯೊಬ್ಬಳನ್ನು, “ಅದಾವ ಗಿಡ ಅವ್ವಾ?” ಎಂದು ಕೇಳಿದೆನು. ಆಕೆ ನಕ್ಕು, “ಮುತ್ತಲ ಗಿಡ ಅದ, ಯವ್ವಾ. ಅದರ ಎಲ್ಯಾಗ ಉಣ್ತಿ, ಹೂ ನೋಡಿಲ್ಲೇನು?” ಎಂದಳು. ಸುಭಾಷಿತವನ್ನು ಬಲ್ಲ ನಾನು ಹೂವನ್ನು ಬಲ್ಲವಳಾಗಿರಲಿಲ್ಲ. ವಿದ್ಯಾಹೀನೆ ಯಾರೆಂಬುದು ಆಗ ಮನಸ್ಸಿಗೆ ಹೊಳೆಯಿತು.

ಗಂಧವಿಲ್ಲದಿರುವುದು ಆ ಹೂವಿನ ಕೊರತೆಯೂ ಅಲ್ಲ. ಅದರ ಪರಾಗವನ್ನು ಸಾಗಿಸುವವು ಹೆಚ್ಚಾಗಿ ಹಕ್ಕಿಗಳು; ಅವುಗಳನ್ನು ಕರೆಯುವುದಕ್ಕೆ ಬಣ್ಣವೂ ಮಕರಂದವೂ ಸಾಕು. ಎಲೆಯ ಮರೆಯಿಲ್ಲದುದರಿಂದ ಬಣ್ಣವು ದೂರಕ್ಕೂ ಕಾಣುತ್ತದೆ. ಗಿಳಿಯ ಕೊಕ್ಕಿನಂತಿರುವ ಒಂದು ಹೂವನ್ನು ಕೈಯಲ್ಲಿ ಹಿಡಿದು ನೋಡಿದರೆ, ಅದು ತೊಗರಿಯ ಬಳಗದ್ದೆಂದು ನಮ್ಮ ಮಕ್ಕಳು ತಾವೇ ಗುರುತಿಸಿಯಾರು. ಎರಡಕ್ಕೂ ಎಲೆ ಮೂರು ಮೂರಾಗಿಯೇ ಬರುವುದು. ಬಿದ್ದ ಹೂಗಳನ್ನು ಆಯ್ದು ಕುದಿಸಿದರೆ ಹೋಳಿಯ ಬಣ್ಣವೂ ಆಗುತ್ತದೆ. ಕೊಂಬೆಯನ್ನು ಮುರಿಯುವ ಕಾರಣವಿಲ್ಲ.

ಪರೀಕ್ಷೆಯ ಕಾಲದಲ್ಲಿ ಮರವನ್ನು ನೋಡುತ್ತ ತಿರುಗುವುದೇ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದುದೇ, ಹೂವು ಬರುವುದೂ ಓದಿನ ಒತ್ತಡವೇರುವುದೂ ಒಂದೇ ಕಾಲದಲ್ಲಿ. ಆದರೆ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯೇ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತದೆ. ಮುತ್ತುಗವು ಒಂದೇ ಸಲ ಹೂಬಿಡುತ್ತದೆ. ನಸುಕಿನಲ್ಲಿ ಹೊರಟರೆ ಬಿಸಿಲೇರುವ ಮೊದಲೇ ಮನೆಗೆ ಮರಳಬಹುದು.

ಗಂಡುಹುಡುಗರಾದರೆ ಹೇಳದೆ ಕೇಳದೆ ಹೊಲ ಗುಡ್ಡಗಳನ್ನು ಸುತ್ತಿ ಬರುವರು. ಹೆಣ್ಣುಮಕ್ಕಳು ಯಾರಾದರೂ ಕರೆದೊಯ್ದಲ್ಲದೆ ಊರ ಹೊರಗಣ ಮರವನ್ನು ಕಾಣಲಾರರು. ಅವರು ತವರಿನಲ್ಲಿರುವ ವಸಂತಗಳೂ ಎಣಿಕೆಯವೇ. ಹೆಸರು ತಿಳಿಯದ ಮರವನ್ನು ಕಡಿಯುವುದಕ್ಕೆ ಯಾರೂ ಹಿಂಜರಿಯರು. ತಾಯಿ ಬಲ್ಲ ಮರವನ್ನು ಮಗಳೂ ಬಲ್ಲಳು. ಆದುದರಿಂದ ಬರುವ ಶಿವರಾತ್ರಿಯನ್ನು ಮರೆಯಬೇಡಿರಿ.